ನಲಿ-ಕಲಿ ತರಗತಿಯಲ್ಲಿ ದನಿಯನ್ನು ಮುಟ್ಟಿಸಿ ಕಲಿಸುವ ಬಗೆ

ನಲಿ-ಕಲಿಯಲ್ಲಿ, ಅಂದರೆ ಸರ್ಕಾರಿ ಶಾಲೆಯ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯುವ ಪದ್ಧತಿಯಲ್ಲಿ, ಅಕ್ಷರ ಶುರುವಾಗುವುದು ರ, ಗ, ಸ, ದ, ಅ ಗುಂಪಿನಿಂದ. ಆಕಾರವನ್ನು ಮಕ್ಕಳು ಬೇಗ ಹಿಡಿಯುತ್ತಾರೆ, ತೊಡಕು ಇರುವುದು ದನಿಯಲ್ಲಿ. ಒಂದೇ ಕೋಣೆಯಲ್ಲಿ ಮೂರು ತರಗತಿ, ತಗಡಿನ ಛಾವಣಿ, ಕೆಲವರಿಗೆ ಮನೆಮಾತು ಲಂಬಾಣಿ. ಆ ಗದ್ದಲದಲ್ಲಿ ಕ ಬೇರೆ, ಗ ಬೇರೆ ಎಂದು ಕಿವಿಯೊಂದರಿಂದಲೇ ತಿಳಿಯುವುದು ಕಷ್ಟ. ಹಾಗಾಗಿ ನಾನು ದನಿಯನ್ನು ಮೊದಲು ಕೈಗೆ ಮುಟ್ಟಿಸುತ್ತೇನೆ.

ಮಗು ತನ್ನ ಅಂಗೈಯನ್ನು ಗಂಟಲ ಮುಂಭಾಗಕ್ಕೆ ಮೆಲ್ಲಗೆ ಇಟ್ಟುಕೊಂಡು 'ಸ್‌ಸ್‌ಸ್' ಎನ್ನಬೇಕು, ಆಮೇಲೆ 'ಮ್‌ಮ್‌ಮ್'. ಮೊದಲನೆಯದಕ್ಕೆ ಗಂಟಲು ಸುಮ್ಮನಿರುತ್ತದೆ, ಎರಡನೆಯದಕ್ಕೆ ಅದುರುತ್ತದೆ. ಇದು ಕೈಗೆ ಸಿಕ್ಕ ಮೇಲೆಯೇ ಕ-ಗ. ಇಲ್ಲಿ ಹೆಚ್ಚಿನವರು ಎಡವುತ್ತಾರೆ: ಬರೀ 'ಕ', 'ಗ' ಹೇಳಿಸಿದರೆ ಎರಡಕ್ಕೂ ಗಂಟಲು ಅದುರುತ್ತದೆ, ಏಕೆಂದರೆ ಎರಡರಲ್ಲೂ 'ಅ' ಸೇರಿದೆ. 'ಅಕ್ಕ', 'ಅಗ್ಗ' ಹೇಳಿಸಬೇಕು. ಅಕ್ಕದಲ್ಲಿ ಅದುರು ನಡುವೆ ನಿಂತು ಮತ್ತೆ ಬರುತ್ತದೆ, ಅಗ್ಗದಲ್ಲಿ ಮುಂದುವರಿಯುತ್ತದೆ. ತ-ದ ಜೋಡಿಗೆ ಎತ್ತು-ಎದ್ದು, ಪ-ಬ ಜೋಡಿಗೆ ಉಪ್ಪು-ಉಬ್ಬು. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚುವುದರಿಂದ ನನ್ನ ಬಾಯಿ ನೋಡಿ ಕಲಿಯುವ ಮಗು ಇವನ್ನು ಬೇರ್ಪಡಿಸಲಾರದು. ಮ ತಿಳಿಯಲು 'ಮ್‌ಮ್' ಎನ್ನುವಾಗ ಮೂಗು ಹಿಡಿಸಿ: ದನಿ ತಟ್ಟನೆ ನಿಲ್ಲುತ್ತದೆ.

ಮಹಾಪ್ರಾಣಕ್ಕೆ ಹಳೆಯ ಪತ್ರಿಕೆಯ ಚೂರು ಸಾಕು. 2 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದದ ಪಟ್ಟಿಯನ್ನು ತುದಿಯಲ್ಲಿ ಹಿಡಿದು, ತುಟಿಯಿಂದ ಮೂರು ಬೆರಳು ದೂರದಲ್ಲಿ ಇಳಿಬಿಡಿ. 'ಕ'ಗೆ ಅದು ಹೆಚ್ಚು ಅಲ್ಲಾಡುವುದಿಲ್ಲ, 'ಖ'ಗೆ ಝಾಡಿಸಿದಂತೆ ಹಾರುತ್ತದೆ. 'ಫ' ಹೇಳುವಾಗ ಎರಡೂ ತುಟಿ ಪೂರ್ತಿ ಮುಚ್ಚಿ ತೆರೆಯಬೇಕು. ಮಗು 'ಫ್ಯಾನ್' ಎನ್ನುವ ಹಾಗೆ ಹಲ್ಲನ್ನು ಕೆಳತುಟಿಗೆ ತಾಗಿಸಿದರೆ ಪಟ್ಟಿ ಹಾರದೆ ಮೆಲ್ಲಗೆ ಬಾಗಿ ನಿಲ್ಲುತ್ತದೆ. ಘ, ಭ ದನಿಗಳಿಗೆ ಪಟ್ಟಿಯನ್ನೊಂದೇ ನಂಬಬೇಡಿ, ಗಂಟಲ ಮೇಲೂ ಕೈ ಇರಲಿ. ಹಾಲು 'ಆಲು' ಆಗುವ ಕಡೆ ಬಾಯಿಯ ಮುಂದೆ ಅಂಗೈ ಹಿಡಿಸಿದರೆ 'ಹ'ದ ಬಿಸಿ ಉಸಿರು ತಗಲುತ್ತದೆ. ಮನೆಯ ಮಾತನ್ನು ಮಾತ್ರ ತಪ್ಪೆನ್ನಬಾರದು. ಓದುವಾಗ, ಬರೆಯುವಾಗ ಈ ಭೇದ ಬೇಕು, ಅಷ್ಟೇ.

ಆಮೇಲೆ ಬರವಣಿಗೆ. ಅಗಲವಾದ ತಟ್ಟೆಯ ತಳಕ್ಕೆ ಕಪ್ಪು ಕಾಗದ ಅಂಟಿಸಿ, ಮೇಲೆ ಸಣ್ಣ ರವೆ ತೆಳ್ಳಗೆ ಹರಡುತ್ತೇನೆ. ಅರ್ಧ ಸೆಂ.ಮೀ. ಮೀರಿದರೆ ಅಂಚು ಕುಸಿದು ಅಕ್ಷರ ಮುಚ್ಚಿಹೋಗುತ್ತದೆ. ಕೈ ಒದ್ದೆ ಇದ್ದರೆ ರವೆ ಬೆರಳಿಗೆ ಮೆತ್ತುತ್ತದೆ. ಇರುವೆ ಕಾಟವಿದ್ದರೆ ಜರಡಿ ಹಿಡಿದ ಒಣ ಮರಳು ಬಳಸಬಹುದು. ತಿದ್ದುವಾಗ ದನಿಯೂ ಬಾಯಲ್ಲಿರಬೇಕು, ಸುಮ್ಮನೆ ತಿದ್ದಿದರೆ ಅದು ಚಿತ್ರ ಬಿಡಿಸಿದಂತೆ.

ಪದಗಳಿಗೆ ಬಟ್ಟೆಯ ಚೀಲ: ಬೆಳ್ಳುಳ್ಳಿ, ಹುಣಸೆ, ಜೀರಿಗೆ, ತುಳಸಿ. ಮೆಣಸಿನಪುಡಿ ಬೇಡ, ಕಣ್ಣಿಗೆ ಹೋಗುತ್ತದೆ. ಮಗು ಮೂಸಿ, ಮುಟ್ಟಿ, ಮೊದಲು ಮನೆಯ ಹೆಸರು ಹೇಳಲಿ. ಲಂಬಾಣಿ ಮಗು 'ಬಾಟಿ' ಎಂದರೆ ನಾನೂ 'ಬಾಟಿ, ರೊಟ್ಟಿ' ಎಂದು ಜೊತೆಯಾಗಿ ಹೇಳುತ್ತೇನೆ. ತನ್ನ ಮಾತು ತರಗತಿಯಲ್ಲಿ ಸಲ್ಲುತ್ತದೆ ಎಂದು ಗೊತ್ತಾದರೆ ಮಗು ಬಾಯಿ ಬಿಡುತ್ತದೆ. ಚಿತ್ರ, ಹಾಡು, ವಸ್ತು ಮೂರನ್ನೂ ಒಟ್ಟಿಗೆ ಮುಂದಿಟ್ಟರೆ ಗಮನ ಚೆದರುತ್ತದೆ, ಒಂದಾದ ಮೇಲೆ ಒಂದು ಬರಲಿ.

ಇವ ನೋಡಿ ಕಲಿಯುವವ, ಇವಳು ಕೇಳಿ ಕಲಿಯುವವಳು ಎಂದು ಮಕ್ಕಳಿಗೆ ಹಣೆಪಟ್ಟಿ ಕಟ್ಟುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. 2008ರಲ್ಲಿ ಮನೋವಿಜ್ಞಾನಿ ಹೆರಾಲ್ಡ್ ಪ್ಯಾಷ್ಲರ್ ಮತ್ತು ಸಂಗಡಿಗರು ಅದುವರೆಗಿನ ಸಂಶೋಧನೆಗಳನ್ನು ಪರಿಶೀಲಿಸಿದಾಗ, ಹಾಗೆ ವಿಂಗಡಿಸಿ ಕಲಿಸುವುದನ್ನು ಸಮರ್ಥಿಸುವಷ್ಟು ಪುರಾವೆ ಸಿಗಲಿಲ್ಲ. ಮೇಲಿನ ಎಲ್ಲವನ್ನೂ ಎಲ್ಲ ಮಕ್ಕಳಿಗೂ ಮಾಡಿಸಿ.

ಕಿಟಕಿಗೆ ಬೆನ್ನು ಹಾಕಿ ನಿಂತು ಪಾಠ ಮಾಡಬೇಡಿ, ಮುಖ ಕಪ್ಪಾಗಿ ತುಟಿ ಕಾಣದು. ಬೋರ್ಡಿನ ಕಡೆ ತಿರುಗಿದಾಗ ಮಾತು ನಿಲ್ಲಿಸಿ. ಇಷ್ಟಾದರೂ ಪದೇಪದೇ 'ಹಾಂ?' ಎನ್ನುವ ಮಗುವಿನ ಹಿಂದೆ ನಾಲ್ಕು ಹೆಜ್ಜೆ ದೂರ ನಿಂತು, ಸಾಮಾನ್ಯ ದನಿಯಲ್ಲಿ ಐದಾರು ಪದ ಹೇಳಿ, ತಿರುಗಿ ಹೇಳಲು ಕೇಳುತ್ತೇನೆ. ತಡವರಿಸಿದರೆ, ಅಥವಾ ಕಿವಿ ಸೋರುತ್ತಿದ್ದರೆ, ಶಾಲೆಗೆ ಬರುವ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ವೈದ್ಯರ ತಂಡಕ್ಕೆ ಆ ಮಗುವಿನ ಹೆಸರು ಬರೆದು ಕೊಡಬೇಕು. ತಂಡ ಬರುವುದು ತಡವಾದರೆ ಪಾಲಕರನ್ನು ಕರೆದು ಸರ್ಕಾರಿ ಆಸ್ಪತ್ರೆಗೆ ಕಳಿಸುವುದೇ ಸರಿ.