ಹಿತ್ತಲಲ್ಲಿ ಹುಲ್ಲಿನ ಕೋರ್ಟು: ಅಪ್ಪ ನೋಡಿ ತೊಟ್ಟಿ ಅಂದರು

ನಮ್ಮ ಮನೆ ತೀರ್ಥಹಳ್ಳಿ ಕಡೆ. ಹಿತ್ತಲಲ್ಲಿ ಒಂದು ಪಕ್ಕ ಅಡಿಕೆ ತೋಟ, ಇನ್ನೊಂದು ಪಕ್ಕ ಹಲಸಿನ ಮರ, ನಡುವೆ ಏನಕ್ಕೂ ಬಾರದ ಒಂದಿಷ್ಟು ಜಾಗ. ಮಗಳಿಗೆ ಶಟಲ್ ಹುಚ್ಚು, ಮಗನಿಗೆ ಕ್ರಿಕೆಟ್. ಇಬ್ಬರೂ ಅಂಗಳದಲ್ಲೇ ಆಡುತ್ತಿದ್ದರು. ಆದರೆ ಕೊಯ್ಲು ಶುರುವಾದರೆ ಅಂಗಳ ಅಡಿಕೆಗೆ, ಮಳೆಗಾಲ ಬಂದರೆ ಪಾಚಿಗೆ. ಇಬ್ಬರಲ್ಲಿ ಒಬ್ಬರು ಜಾರಿ ಬೀಳದ ವರ್ಷವೇ ಇಲ್ಲ.

ಹಿತ್ತಲಲ್ಲಿ ನಿಜವಾದ ಹುಲ್ಲು ಬೆಳೆಸೋಣ ಅಂದರೆ ಮರದ ನೆರಳು ಬಿಡುವುದಿಲ್ಲ. ಹಾಗಾಗಿ ಆ ಜಾಗದಲ್ಲಿ ಪ್ಲಾಸ್ಟಿಕ್ ಹುಲ್ಲಿನ, ಅಂದರೆ ಟರ್ಫಿನ ಕೋರ್ಟು ಮಾಡಿಸೋಣ ಅಂದುಕೊಂಡೆ. ಪ್ಲಾಸ್ಟಿಕ್ ಹುಲ್ಲಿಗೆ ಹೆಸರು ಬಂದಿದ್ದೂ ನೆರಳಿನಿಂದಲೇ ಅಂತ ಆಮೇಲೆ ಓದಿದೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಆಸ್ಟ್ರೋಡೋಮ್ ಅಂತ ಮುಚ್ಚಿದ ಕ್ರೀಡಾಂಗಣ ಕಟ್ಟಿದ್ದರು. ಚಾವಣಿಯಿಂದ ಬಿಸಿಲು ಕಣ್ಣಿಗೆ ಹೊಡೆಯುತ್ತೆ ಅಂತ ಅದಕ್ಕೆ ಬಣ್ಣ ಬಳಿದರು, ಬೆಳಕಿಲ್ಲದೆ ಒಳಗಿನ ಹುಲ್ಲು ಸತ್ತಿತು, 1966ರಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಿದರು. ಆಸ್ಟ್ರೋಟರ್ಫ್ ಅನ್ನೋ ಹೆಸರು ಅಲ್ಲಿಂದಲೇ ಬಂದಿದ್ದು.

ಟರ್ಫ್ ಅಂಗಡಿಯಲ್ಲಿ ಮೊದಲು ತೋರಿಸಿದ್ದು 40 ಎಂ.ಎಂ. ಎತ್ತರದ ಹುಲ್ಲು. "ಮೆತ್ತಗಿರುತ್ತೆ ಸರ್, ಎಲ್ಲರೂ ಇದನ್ನೇ ತಗೊಂಡು ಹೋಗೋದು." ನಾನು ಜೇಬಲ್ಲಿ ಟೆನಿಸ್ ಬಾಲ್ ಇಟ್ಟುಕೊಂಡೇ ಹೋಗಿದ್ದೆ. ಅದರ ಮೇಲೆ ಬಿಟ್ಟರೆ ಬಾಲು ಹತ್ತಿ ಮೂಟೆ ಮೇಲೆ ಬಿದ್ದ ಹಾಗೆ ಕೂತಿತು. ಅಷ್ಟುದ್ದದ ಹುಲ್ಲು ಫುಟ್‌ಬಾಲ್‌ಗೆ ಸರಿ. ಶಟಲ್ ಆಡುವಾಗ ಕಾಲು ಚಟ್ಟನೆ ತಿರುಗಬೇಕು, ಉದ್ದ ಹುಲ್ಲಲ್ಲಿ ಶೂ ಸಿಕ್ಕಿಕೊಳ್ಳುತ್ತೆ. ಕೊನೆಗೆ 15 ಎಂ.ಎಂ.ನ ದಟ್ಟ ಹುಲ್ಲು ತಗೊಂಡೆ, ಚದರ ಅಡಿಗೆ 65 ರೂಪಾಯಿ. ನಿಮ್ಮ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಬೇಕಿದ್ದರೆ ಟರ್ಫ್ ಯೋಚನೆ ಬಿಟ್ಟು ಸುಮ್ನೆ ಕಾಂಕ್ರೀಟ್ ಹಾಕಿಸಿ.

ಅಳತೆ ತೀರ್ಮಾನ ಮಾಡಿದ್ದು ಹುಲ್ಲಿನ ರೋಲು. ಶಟಲ್ ಕೋರ್ಟು 44 ಅಡಿ ಉದ್ದ, 20 ಅಡಿ ಅಗಲ. ಸುತ್ತ ಸ್ವಲ್ಪ ಜಾಗ ಸೇರಿಸಿ 50ಕ್ಕೆ 24 ಅಂದುಕೊಂಡಿದ್ದೆ. ರೋಲು ಬರುವುದು 2 ಮೀಟರ್, ಅಂದರೆ ಆರೂವರೆ ಅಡಿ ಅಗಲ. 24 ಅಡಿಗೆ ನಾಲ್ಕು ರೋಲು ತಂದರೆ ಎರಡು ಅಡಿ ಕತ್ತರಿಸಿ ಎಸೆಯಬೇಕು. ಹಾಗಾಗಿ ಅಗಲವನ್ನೇ 26 ಅಡಿ ಮಾಡಿಕೊಂಡೆ. ಒಟ್ಟು 1300 ಚದರ ಅಡಿ, ಮೂರೇ ಜೋಡಣೆ.

ಜೆಸಿಬಿ ಕರೆಸಿ ಎಂಟು ಇಂಚು ಮಣ್ಣು ತೆಗೆಸಿದೆ. ತಳಕ್ಕೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದೆ. ಅದು ನೀರನ್ನು ಇಳಿಯಲು ಬಿಡುತ್ತೆ, ಕೆಳಗಿನ ಮಣ್ಣು ಮೇಲೆದ್ದು ಜಲ್ಲಿ ಜೊತೆ ಕಲೆಯಲು ಬಿಡುವುದಿಲ್ಲ. ಅದರ ಮೇಲೆ 40 ಎಂ.ಎಂ. ಜಲ್ಲಿ ನಾಲ್ಕು ಇಂಚು, 20 ಎಂ.ಎಂ. ಎರಡು ಇಂಚು, ಕೊನೆಗೆ ಜಲ್ಲಿ ಪುಡಿ ಎರಡು ಇಂಚು. ಎಲ್ಲ ಸೇರಿ ಒಂಬತ್ತು ಯುನಿಟ್ ಹತ್ತಿರ ಬಂತು (ಒಂದು ಯುನಿಟ್ ಅಂದರೆ ನೂರು ಘನ ಅಡಿ). ಪ್ರತಿ ಪದರಕ್ಕೂ ನೀರು ಚಿಮುಕಿಸಿ ಯಂತ್ರದಲ್ಲಿ ದಮ್ಮಸು ಮಾಡಬೇಕು. ಒಟ್ಟಿಗೆ ಸುರಿದು ಮೇಲೊಂದು ಸಲ ಯಂತ್ರ ಓಡಿಸಿದರೆ ಒಂದೇ ಮಳೆಗೆ ಗುಂಡಿ ಬೀಳುತ್ತೆ.

ಇಷ್ಟೆಲ್ಲ ಓದಿಕೊಂಡು ಮಾಡಿದವನು ಒಂದು ದೊಡ್ಡ ತಪ್ಪು ಮಾಡಿದೆ. ಅಂಚು ಗಟ್ಟಿ ಇರಲಿ ಅಂತ ನಾಲ್ಕೂ ಕಡೆ ಸೈಜುಗಲ್ಲು ಕೂರಿಸಿ ಸಂದಿಗೆಲ್ಲ ಸಿಮೆಂಟ್ ತುಂಬಿಸಿದೆ. ನೋಡೋಕೆ ಬಹಳ ಚೆಂದ ಇತ್ತು. ಅಪ್ಪ ಸಂಜೆ ತೋಟದಿಂದ ಬಂದವರು ಸ್ವಲ್ಪ ಹೊತ್ತು ನಿಂತು ನೋಡಿದರು. "ಏನೋ ಇದು, ತೊಟ್ಟಿ ಕಟ್ಟಿಸ್ತಿದ್ದೀಯಾ? ನೀರು ಹೋಗೋದೆಲ್ಲಿ?"

ಜಲ್ಲಿ ಒಳಗೆ ಇಳಿದು ಹೋಗುತ್ತೆ ಅಪ್ಪ ಅಂದೆ. "ಇಳಿದು?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿ ಪೈಪು ಬಿಟ್ಟು ನೀರು ತುಂಬಿಸಿದೆ. ಬೆಳಿಗ್ಗೆ ಒಂದು ಮೂಲೆಯಲ್ಲಿ ಕೈ ಹಾಕಿ ಅಗೆದರೆ ಜಲ್ಲಿ ನಡುವೆ ನೀರು ಇನ್ನೂ ಹಾಗೇ ನಿಂತಿತ್ತು. ಆಗುಂಬೆ ಮಳೆ ನಮಗೇನು ದೂರವಲ್ಲ, ಜುಲೈನಲ್ಲಿ ಈ ಕೋರ್ಟು ಕೆರೆ ಆಗುತ್ತಿದ್ದದ್ದು ಖಂಡಿತ. ಅಡಿಕೆ ತೋಟಕ್ಕೆ ಬಸಿಗಾಲುವೆ ಬೇಕು ಅಂತ ಚಿಕ್ಕವನಿದ್ದಾಗಿಂದ ನೋಡಿದ್ದೇನೆ, ಕೋರ್ಟಿಗೆ ಬೇಕು ಅಂತ ಮಾತ್ರ ಹೊಳೆಯಲೇ ಇಲ್ಲ ನೋಡಿ.

ತೋಟದ ಕಡೆಯ ಕಲ್ಲುಗಳನ್ನೆಲ್ಲ ಕೀಳಿಸಿದೆ. ಅಲ್ಲಿ ಉದ್ದಕ್ಕೂ ಚರಂಡಿ ತೋಡಿ, ತೂತಿರುವ ನಾಲ್ಕು ಇಂಚಿನ ಪಿವಿಸಿ ಪೈಪು ಇಟ್ಟು ಜಲ್ಲಿ ಮುಚ್ಚಿ, ಪೈಪಿನ ಬಾಯಿಯನ್ನು ತೋಟದ ಬಸಿಗಾಲುವೆಗೆ ಸೇರಿಸಿದೆವು. ತಳವನ್ನೂ ಮತ್ತೆ ಸರಿ ಮಾಡಿಸಿದೆ. ನೂರು ಅಡಿಗೆ ಒಂದು ಅಡಿ ಇಳಿಜಾರು ಸಾಕು, ನಮ್ಮ 26 ಅಡಿ ಅಗಲಕ್ಕೆ ಬರೀ ಮೂರು ಇಂಚು. ಆಡುವವರಿಗೆ ಗೊತ್ತೇ ಆಗಲ್ಲ, ನೀರಿಗೆ ಗೊತ್ತಾಗುತ್ತೆ. ಮೇಸ್ತ್ರಿ ನೀರು ತುಂಬಿದ ಟ್ಯೂಬ್ ಲೆವೆಲ್ ಹಿಡಿದು ನೋಡಿದರು, ನಾನು ಹತ್ತು ಅಡಿ ಅಲ್ಯೂಮಿನಿಯಂ ಪಟ್ಟಿ ಎಳೆದೆ. ಪಟ್ಟಿ ಕೆಳಗೆ ಬೆರಳು ತೂರಿದ ಕಡೆಯೆಲ್ಲ ಪುಡಿ ಹಾಕಿ ಮತ್ತೆ ದಮ್ಮಸು. ಇದಕ್ಕೇ ನಾಲ್ಕು ದಿನ ಹಿಡಿಯಿತು, ಬೆನ್ನು ಬಿದ್ದುಹೋಯಿತು.

ಹುಲ್ಲು ಹಾಸಿದ್ದು ಎರಡೇ ದಿನ. ರೋಲು ಬಿಚ್ಚಿ ಅರ್ಧ ದಿನ ಬಿಸಿಲಿಗೆ ಬಿಟ್ಟರೆ ಸುಕ್ಕು ತಾನೇ ಬಿಡುತ್ತೆ. ಹುಲ್ಲಿಗೆ ಒಂದು ದಿಕ್ಕು ಇರುತ್ತೆ, ಬೆಕ್ಕಿನ ಬೆನ್ನು ಸವರಿದ ಹಾಗೆ ಒಂದು ಕಡೆಗೆ ನುಣುಪು, ಎದುರು ಕಡೆಗೆ ಒರಟು. ನಾಲ್ಕೂ ರೋಲು ಒಂದೇ ದಿಕ್ಕಿಗೆ ಇರಬೇಕು. ಮೂರನೆಯದನ್ನು ನಾವು ತಿರುಗಿಸಿ ಹಾಸಿಬಿಟ್ಟಿದ್ದೆವು. ಹತ್ತಿರದಿಂದ ಏನೂ ಕಾಣಲಿಲ್ಲ. ಕಾಫಿ ತಂದ ಹೆಂಡತಿ ಹಿಂಬಾಗಿಲಲ್ಲೇ ನಿಂತು, "ಆ ಪಟ್ಟಿ ಯಾಕ್ರೀ ಕಪ್ಪಗಿದೆ, ಬೇರೆ ಅಂಗಡೀದಾ?" ಅಂದಳು. ಪುಣ್ಯಕ್ಕೆ ಇನ್ನೂ ಅಂಟು ಹಚ್ಚಿರಲಿಲ್ಲ.

ಜೋಡಣೆಯ ಕೆಳಗೆ ಒಂದು ಅಡಿ ಅಗಲದ ಟೇಪು, ಅದರ ಮೇಲೆ ಪಿಯು (ಪಾಲಿಯುರೆಥೇನ್) ಅಂಟು. ರೋಲಿನ ಅಂಚಿನ ಎರಡು ಸಾಲು ಹುಲ್ಲು ಕತ್ತರಿಸಿ ತೆಗೆದು ಆಮೇಲೆ ಕೂಡಿಸಬೇಕು, ಇಲ್ಲದಿದ್ದರೆ ಗೆರೆ ಎದ್ದು ಕಾಣುತ್ತೆ. ಹುಲ್ಲಿನ ಎಳೆ ಅಂಟಿಗೆ ಸಿಕ್ಕಿಕೊಂಡರೆ ಆಗಲೇ ಮೊಳೆಯಿಂದ ಎಬ್ಬಿಸಿ. ಅವತ್ತು ಸಂಜೆಯೇ ಅಡ್ಡಮಳೆ ಬಂತು. ಮನೆಯಲ್ಲಿದ್ದ ಟಾರ್ಪಾಲೆಲ್ಲ ಮೂರು ಜೋಡಣೆ ಮೇಲೆ ಎಳೆದು, ನಾನು ಮಗ ಇಬ್ಬರೂ ತೊಯ್ದು ತೊಪ್ಪೆಯಾದೆವು.

ಕೊನೆಗೆ ಹುಲ್ಲಿನ ಎಳೆಗಳ ನಡುವೆ ತುಂಬುವ ಮರಳು. ಒಣಗಿದ ಸಿಲಿಕಾ ಮರಳೇ ಬೇಕು, ಅದರ ಕಾಳು ಗುಂಡಗಿರುತ್ತೆ. ಮನೆ ಕಟ್ಟಿ ಉಳಿದ ಎಂ-ಸ್ಯಾಂಡ್ ಇದೆಯಲ್ಲ ಅಂತ ಆಸೆ ಪಡಬೇಡಿ, ಅದು ಚೂಪು, ಧೂಳೂ ಜಾಸ್ತಿ, ನೀರು ಇಳಿಯುವ ದಾರಿ ಕಟ್ಟುತ್ತೆ. 50 ಕೆ.ಜಿ.ಯ 30 ಚೀಲ ಹಿಡಿಯಿತು. ತೆಳ್ಳಗೆ ಚೆಲ್ಲಿ ಗುಡಿಸಿ, ಮತ್ತೆ ಚೆಲ್ಲಿ ಗುಡಿಸಿ. ನೆಟ್ ಕಂಬಕ್ಕೆ ಮೊದಲೇ ಪೈಪು ಹೂಳುವುದು ಮರೆತಿದ್ದೆ, ಹೊಸ ಹುಲ್ಲಿಗೆ ಎರಡು ತೂತು ಕೊರೆಯುವಾಗ ಹೊಟ್ಟೆ ಉರಿಯಿತು.

ಹುಲ್ಲಿಗೆ ಕೊಟ್ಟಷ್ಟೇ ದುಡ್ಡು ಮಣ್ಣು, ಜಲ್ಲಿ, ಮರಳಿಗೂ ಹೋಯಿತು. ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ಕಾಲಿಡೋಕೆ ಆಗಲ್ಲ, ಗಾಳಿ ಇದ್ದರೆ ಶಟಲ್ ತೋಟಕ್ಕೆ ಹೋಗುತ್ತೆ. ಆದರೆ ಮೊನ್ನೆ ಮೂರು ದಿನ ಬಿಡದೆ ಹೊಡೆದ ಮಳೆ ನಿಂತು ಅರ್ಧ ಗಂಟೆಗೆ ಮಕ್ಕಳು ಆಡ್ತಾ ಇದ್ದರು. ಅಪ್ಪ ಕೋರ್ಟಿನ ಕಡೆ ತಿರುಗಿಯೂ ನೋಡದೆ ನೇರ ಹೋಗಿ ಪೈಪಿನ ಬಾಯಿ ನೋಡಿ ಬಂದರು. ಹಲಸಿನ ಮರದ ಕೆಳಗಿನ ಮೂಲೆಯಲ್ಲಿ ಮಾತ್ರ ಎಲೆ ಕೊಳೆತು ಪಾಚಿ ಕಟ್ಟುತ್ತೆ, ವಾರಕ್ಕೊಮ್ಮೆ ಕಡ್ಡಿ ಪೊರಕೆಯಲ್ಲಿ ಉಜ್ಜಬೇಕು. ಒಂದು ಕೊಂಬೆ ಕಡಿಸೋಣ ಅಂದರೆ ಅಮ್ಮ ಒಪ್ಪುತ್ತಿಲ್ಲ. ಹಪ್ಪಳಕ್ಕೆ ಆ ಕೊಂಬೆ ಕಾಯೇ ಆಗಬೇಕಂತೆ.