ಗೊರಕೆ ನಿಂತಾಗ ಎಣಿಸಿ

ದಾವಣಗೆರೆಯಲ್ಲಿ ಮದುವೆ ಮುಗಿಸಿ, ನೆಂಟರೆಲ್ಲ ನಮ್ಮ ಮನೆ ಹಾಲಿನಲ್ಲಿ ಸಾಲಾಗಿ ಮಲಗಿದ್ದೆವು. ಚಿಕ್ಕಪ್ಪನ ಗೊರಕೆಗೆ ಯಾರಿಗೂ ನಿದ್ದೆಯಿಲ್ಲ. ಒಮ್ಮೆಲೇ ಅದು ನಿಂತಿತು. ಕತ್ತಲಲ್ಲಿ ಯಾರೋ ‘ಸದ್ಯ!’ ಅಂದರು. ಚಿಕ್ಕಮ್ಮ ಮಾತ್ರ ಎದ್ದು ಕೂತರು. ಚಿಕ್ಕಪ್ಪನ ಹೊಟ್ಟೆ ಏಳುತ್ತಿತ್ತು, ಇಳಿಯುತ್ತಿತ್ತು. ಮೂಗಿನ ಹತ್ತಿರ ಕೈ ಹಿಡಿದರೆ ಗಾಳಿಯೇ ಇಲ್ಲ. ಆಮೇಲೆ ದೊಡ್ಡದಾಗಿ ಗೊರ್ರ್ ಅಂದು ಕಾಲು ಝಾಡಿಸಿದರು. ಮತ್ತೆ ಗೊರಕೆ.

ಹೀಗೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದಕ್ಕೆ ಸ್ಲೀಪ್ ಅಪ್ನಿಯಾ ಅಂತಾರೆ. ನಿಮ್ಮ ಮನೆಯಲ್ಲೂ ಅನುಮಾನವಿದ್ದರೆ ಒಂದು ರಾತ್ರಿ ಕಾದು ನೋಡಿ.

ಮೊದಲು ಹೊತ್ತು ಸರಿಯಾಗಿ ಆರಿಸಿಕೊಳ್ಳಿ. ಮಲಗಿದ ಅರ್ಧ ಗಂಟೆಗೇ ನೋಡಿ ‘ಏನೂ ಇಲ್ಲ ಬಿಡು’ ಅನ್ನಬೇಡಿ. ಕನಸು ಬೀಳುವ ನಿದ್ದೆ ಬೆಳಗಿನ ಜಾವವೇ ಜಾಸ್ತಿ. ಆಗ ಗಂಟಲಿನ ಸ್ನಾಯು ಇನ್ನಷ್ಟು ಸಡಿಲಾಗುತ್ತದೆ. ನಾಲ್ಕಕ್ಕೆ ಅಲಾರಂ ಇಟ್ಟು ಏಳಿ. ಅಂಗಾತ ಮಲಗಿದ್ದಾಗ ಒಮ್ಮೆ, ಮಗ್ಗುಲಾದಾಗ ಒಮ್ಮೆ ನೋಡಿ. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಆಮೇಲೆ ಎಣಿಕೆ. ಗೊರಕೆ ನಿಂತ ಕ್ಷಣದಿಂದ ಸೆಕೆಂಡು ಎಣಿಸಿ. ಉಸಿರಿಲ್ಲದೆ 10 ಸೆಕೆಂಡು ದಾಟಿದರೆ ಒಂದು ಗೀಟು ಹಾಕಿ. ಉಸಿರು ನಿಲ್ಲುವುದು, ತೀರ ಕಮ್ಮಿಯಾಗುವುದು ಎರಡೂ ಸೇರಿ ಗಂಟೆಗೆ 5 ಸಲ ಆದರೆ ಡಾಕ್ಟರು ಗಣನೆಗೆ ತೆಗೆದುಕೊಳ್ಳುತ್ತಾರೆ. 30 ಮುಟ್ಟಿದರೆ ತೀವ್ರ. ಕೋವಿಡ್ ಕಾಲದಲ್ಲಿ ತಂದ ಆಕ್ಸಿಮೀಟರ್ ಡ್ರಾಯರಿನಲ್ಲಿ ಇದ್ದೇ ಇರುತ್ತದಲ್ವಾ? ಬೆಳಿಗ್ಗೆ ಕಾಫಿ ಕುಡಿಯುತ್ತಾ ಅದನ್ನು ಬೆರಳಿಗೆ ಸಿಕ್ಕಿಸಿ, ‘ನೋಡು, 98!’ ಅಂತ ತೋರಿಸಿದರೆ ಒಪ್ಪಬೇಡಿ. ಎಚ್ಚರವಿದ್ದಾಗಿನ ಅಂಕಿಗೆ ರಾತ್ರಿಯ ಸಂಗತಿ ಗೊತ್ತಿರುವುದಿಲ್ಲ.

‘ಉಸಿರು ವಾಪಸ್ ಬಂತಲ್ಲ, ಇನ್ನೇನು?’ ಅಂದರು ಚಿಕ್ಕಪ್ಪ. ತೊಂದರೆ ಇರುವುದೇ ಆ ಹೋಗಿ ಬರುವುದರಲ್ಲಿ. ನಮ್ಮೂರಲ್ಲಿ ಕರೆಂಟು ಒಮ್ಮೆ ಹೋದರೆ ಸುಮ್ನೆ ಕಾಯ್ತೀವಿ. ದಿನಕ್ಕೆ ಹತ್ತು ಸಲ ಹೋಗಿ ಬಂದರೆ ಯುಪಿಎಸ್ ತರ್ತೀವಿ. ಉಸಿರಿನ ನರಗಳೂ ಹಾಗೇ ಮಾಡುತ್ತವೆ.

ದವಡೆಯ ಕೆಳಗೆ, ಕತ್ತಿನ ರಕ್ತನಾಳ ಕವಲಾಗುವಲ್ಲಿ ‘ಕ್ಯಾರೊಟಿಡ್ ಬಾಡಿ’ ಇದೆ. ಅಕ್ಕಿ ಕಾಳಿನಷ್ಟು ದೊಡ್ಡದು. ಮಂಡಕ್ಕಿಯಷ್ಟಲ್ಲ, ಭಟ್ಟಿಗೆ ಹೋಗುವ ಮೊದಲಿನ ಅಕ್ಕಿ! ರಕ್ತದಲ್ಲಿ ಆಮ್ಲಜನಕ ಇಳಿದರೆ ಅದು ಮೆದುಳಿನ ಬುಡಕ್ಕೆ ಸುದ್ದಿ ಕಳಿಸುತ್ತದೆ. ಅಲ್ಲಿಂದ ಬರುವ ನರಗಳು ಕತ್ತಿನ ಭಾಗದ ಬೆನ್ನುಹುರಿಯಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಸುರಿಯುತ್ತವೆ. ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಎಳೆಯುವ ಫ್ರೆನಿಕ್ ನರ ಹೊರಡುವುದು ಅಲ್ಲಿಂದಲೇ. ಸೆರೊಟೋನಿನ್ ಮತ್ತೆ ಮತ್ತೆ ಬಿದ್ದಾಗ ಆ ಜೀವಕೋಶಗಳಲ್ಲಿ ಬಿಡಿಎನ್‌ಎಫ್ ಎಂಬ ಪ್ರೋಟೀನು ಹೊಸದಾಗಿ ತಯಾರಾಗುತ್ತದೆ. ನರಗಳ ನಡುವಿನ ಕೊಂಡಿ ಬಿಗಿಯಾಗುತ್ತದೆ.

ವಿಜ್ಞಾನಿಗಳು ಅರಿವಳಿಕೆ ಕೊಟ್ಟ ಇಲಿಗಳಿಗೆ 5 ನಿಮಿಷ ಕಡಿಮೆ ಆಮ್ಲಜನಕ, 5 ನಿಮಿಷ ಬಿಡುವು, ಹೀಗೆ 3 ಸಲ ಮಾಡಿದರು. ಎಲ್ಲ ಮುಗಿದು ಗಂಟೆ ಕಳೆದರೂ ಫ್ರೆನಿಕ್ ನರ ಮೊದಲಿಗಿಂತ ಜೋರಾಗಿಯೇ ಮಿಡಿಯುತ್ತಿತ್ತು. ಬಿಡದೆ 25 ನಿಮಿಷ ಕೊಟ್ಟಾಗ ಈ ಬದಲಾವಣೆ ಆಗಲಿಲ್ಲ. ಎಷ್ಟು ಹೊತ್ತು ಅನ್ನುವುದಕ್ಕಿಂತ ಎಷ್ಟು ಸಲ ಅನ್ನುವುದೇ ನರಕ್ಕೆ ನೆನಪು.

ಇದು ಒಳ್ಳೆಯದೇ ಅಲ್ವಾ? ಹಿತಮಿತವಾಗಿದ್ದರೆ ಹೌದು. ಬೆನ್ನುಹುರಿಗೆ ಪೆಟ್ಟಾದವರಿಗೆ ಇದರಿಂದ ಸಹಾಯವಾದೀತೇ ಎಂದು ಡಾಕ್ಟರುಗಳ ಕಾವಲಿನಲ್ಲಿ ಪ್ರಯೋಗಗಳಾಗಿವೆ. ಮನೆಯಲ್ಲಿ ಉಸಿರು ಕಟ್ಟಿ ನೋಡಲು ಹೋಗಬೇಡಿ. ಆದರೆ ಅಪ್ನಿಯಾದಲ್ಲಿ ಇದು ತಿಂಗಳುಗಟ್ಟಲೆ ನಡೆಯುತ್ತದೆ. ಕ್ಯಾರೊಟಿಡ್ ಬಾಡಿ ಸಣ್ಣದಕ್ಕೂ ಬೆಚ್ಚುವಂತಾಗುತ್ತದೆ. ರಕ್ತನಾಳ ಬಿಗಿಮಾಡುವ ನರಗಳು ಹಗಲಲ್ಲೂ ಸುಮ್ಮನಾಗುವುದಿಲ್ಲ. ಬಿಪಿ ಏರಿ ಕೂರುತ್ತದೆ. ಚಿಕ್ಕಪ್ಪನ ಬಿಪಿ ಎರಡು ಮಾತ್ರೆಗೂ ಬಗ್ಗಿರಲಿಲ್ಲ.

ಕೊನೆಗೆ, ಗೀಟು ಹಾಕಿದ ಹಾಳೆ, ವಿಡಿಯೊ, ಬಿಪಿ ಚೀಟಿ ಮೂರನ್ನೂ ಹಿಡಿದು ಇಎನ್‌ಟಿ ಅಥವಾ ಶ್ವಾಸಕೋಶದ ಡಾಕ್ಟರ ಹತ್ತಿರ ಹೋಗಿ, ‘ಸ್ಲೀಪ್ ಸ್ಟಡಿ (ನಿದ್ದೆಯಲ್ಲಿ ಉಸಿರು ಅಳೆಯುವ ಪರೀಕ್ಷೆ) ಬೇಕಾ?’ ಅಂತ ಕೇಳಿ. ಚಿಕ್ಕಮ್ಮ ಹಾಲಿನ ಲೆಕ್ಕದ ಕ್ಯಾಲೆಂಡರ್ ಹಾಳೆಯ ಹಿಂದೆಯೇ ಗೀಟು ಹಾಕಿದ್ದರು. ಡಾಕ್ಟರು ಚಿಕ್ಕಪ್ಪನ ಮಾತು ತಡೆದು ಆ ಹಾಳೆಗೆ ಕೈ ಚಾಚಿದರು.