ಹೇಳದೆ ಬಿಟ್ಟ ಮಾತನ್ನು ಹಿಡಿಯುವುದು ಹೇಗೆ?

‘ಸರಿಯಾದ ಚಿಲ್ಲರೆ ಕೊಟ್ಟು ಸಹಕರಿಸಿ’ ಎಂಬ ಬೋರ್ಡನ್ನು ಬಸ್ಸಿನಲ್ಲಿ ಓದಿಯೇ ಇರುತ್ತೀರಿ. ಬರೆಸಿದವರು ಬಾಯಿಬಿಟ್ಟು ಹೇಳದ ಮಾತೊಂದು ಅದರೊಳಗಿದೆ: ಕೇಳಿಕೊಂಡರೆ ಕೆಲವರಾದರೂ ಚಿಲ್ಲರೆ ಕೊಡುತ್ತಾರೆ. ಯಾರೂ ಕೊಡುವುದಿಲ್ಲ ಎಂಬುದು ಖಾತ್ರಿಯಿದ್ದರೆ ಬೋರ್ಡಿಗೆ ಬಣ್ಣ ಯಾಕೆ ದಂಡ? ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಬರುವ ‘ಹೇಳಿಕೆ–ಊಹೆ’ ಪ್ರಶ್ನೆ ಹುಡುಕಿಸುವುದು ಇದನ್ನೇ. ‘ಎಲ್ಲ ಪ್ರಯಾಣಿಕರ ಜೇಬಿನಲ್ಲೂ ಚಿಲ್ಲರೆ ಇರುತ್ತದೆ’ ಎಂಬ ಆಯ್ಕೆ ಕೊಟ್ಟರೆ ಬೀಳಬೇಡಿ. ಬೋರ್ಡು ಅಷ್ಟು ದೊಡ್ಡ ನಂಬಿಕೆ ಇಟ್ಟುಕೊಂಡಿಲ್ಲ.

ಒಂದು ಪ್ರಶ್ನೆಯನ್ನೇ ಬಿಡಿಸೋಣ. ‘ಈ ವರ್ಷ ನಮ್ಮೂರ ಕೆರೆ ತುಂಬಿದೆ. ಆದ್ದರಿಂದ ಬೇಸಿಗೆಯಲ್ಲಿ ಊರಿನ ಬೋರ್‌ವೆಲ್‌ಗಳು ಬತ್ತುವುದಿಲ್ಲ.’

ಮೊದಲು ತೀರ್ಮಾನಕ್ಕೆ ಗೆರೆ ಎಳೆಯಿರಿ. ‘ಆದ್ದರಿಂದ’, ‘ಹಾಗಾಗಿ’ ಇದ್ದರೆ ಸುಲಭ. ಕೆಲವೊಮ್ಮೆ ತೀರ್ಮಾನವೇ ಮುಂದೆ ಬಂದು, ಕಾರಣ ‘ಏಕೆಂದರೆ’ ಎಂದು ಹಿಂದೆ ಬರುತ್ತದೆ.

ಆಮೇಲೆ, ಕಾರಣದಲ್ಲಿ ಇಲ್ಲದೆ ತೀರ್ಮಾನದಲ್ಲಿ ಹೊಸದಾಗಿ ನುಸುಳಿದ್ದು ಯಾವುದು ನೋಡಿ. ಇಲ್ಲಿ ಬೋರ್‌ವೆಲ್. ಕೆರೆಯಿಂದ ಬೋರ್‌ವೆಲ್‌ಗೆ ಹಾರಿದ್ದಾರೆ, ನಡುವೆ ಸೇತುವೆ ಹಾಕಿಲ್ಲ. ಆ ಸೇತುವೆಯೇ ಊಹೆ.

ಈಗ ಆಯ್ಕೆಗಳು. (1) ಕೆರೆಯ ನೀರು ಇಂಗಿ ಬೋರ್‌ವೆಲ್‌ಗಳ ಅಂತರ್ಜಲಕ್ಕೆ ಸೇರುತ್ತದೆ. (2) ಊರಿಗೆ ಬೋರ್‌ವೆಲ್ ಬಿಟ್ಟು ಬೇರೆ ನೀರಿಲ್ಲ. (3) ಕೆರೆಯ ಹೂಳು ತೆಗೆಸುವುದು ಒಳ್ಳೆಯದು.

ಮೂರನೆಯದಕ್ಕೆ ಟಿಕ್ ಹಾಕುವವರು ಕಡಿಮೆಯಿಲ್ಲ. ಪಾಪ, ಒಳ್ಳೆಯ ನಾಗರಿಕರು! ಆದರೆ ಮಾತು ನಿಜವೋ ಒಳ್ಳೆಯದೋ ಎಂಬುದು ಪ್ರಶ್ನೆಯಲ್ಲ. ಈ ವಾದ ಅದರ ಮೇಲೆ ನಿಂತಿದೆಯೇ ಎಂಬುದಷ್ಟೇ ಪ್ರಶ್ನೆ. ಅದಕ್ಕೆ ಆಯ್ಕೆಯನ್ನು ಉಲ್ಟಾ ಮಾಡಿ ನೋಡಬೇಕು. ‘ಊರಿಗೆ ಬೇರೆ ನೀರೂ ಇದೆ’ ಎಂದುಕೊಳ್ಳಿ: ವಾದಕ್ಕೆ ಏನೂ ಆಗಲಿಲ್ಲ. ‘ಕೆರೆಯ ನೀರು ಅಂತರ್ಜಲಕ್ಕೆ ಸೇರುವುದೇ ಇಲ್ಲ’ ಎನ್ನಿ: ವಾದ ಅಲ್ಲೇ ಕುಸಿಯಿತು. ಉತ್ತರ 1.

ಉಲ್ಟಾ ಮಾಡುವಾಗಲೇ ಹೆಚ್ಚಿನವರು ಎಡವುವುದು. ‘ಎಲ್ಲರೂ ಬರುತ್ತಾರೆ’ ಎಂಬುದರ ಉಲ್ಟಾ ‘ಯಾರೂ ಬರುವುದಿಲ್ಲ’ ಅಲ್ಲ, ‘ಬರದವರು ಒಬ್ಬರಾದರೂ ಇದ್ದಾರೆ’. ‘ಕೆಲವರು ಬರುತ್ತಾರೆ’ ಎಂಬುದರ ಉಲ್ಟಾ ಮಾತ್ರ ‘ಯಾರೂ ಬರುವುದಿಲ್ಲ’. ಹತ್ತು ವಾಕ್ಯ ಬರೆದು ಕೈ ಪಳಗಿಸಿಕೊಳ್ಳಿ. ‘ಮಾತ್ರ’, ‘ಎಂದಿಗೂ’, ‘ಎಲ್ಲ’ ಇರುವ ಆಯ್ಕೆ ಕಂಡರೆ ಸ್ವಲ್ಪ ಅನುಮಾನವಿರಲಿ. ಹಾಗೆಂದು ನೋಡದೆಯೇ ಹೊಡೆದುಹಾಕಬೇಡಿ.

ಊಹೆಯನ್ನೂ ಫಲಿತವನ್ನೂ ಬೆರೆಸಬೇಡಿ. ಊಹೆ ಹೇಳಿಕೆಗಿಂತ ಮೊದಲೇ ಇರುವುದು, ಫಲಿತ ಹೇಳಿಕೆಯಿಂದ ಹೊರಡುವುದು.

ಯುಪಿಎಸ್‌ಸಿ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಯ ಎರಡನೇ ಪತ್ರಿಕೆಯಾದ ಸಿಸ್ಯಾಟ್‌ನಲ್ಲಿ 80 ಪ್ರಶ್ನೆ, 200 ಅಂಕ. ತೇರ್ಗಡೆಗೆ ಶೇ 33 ಸಾಕು. ಆದರೆ ಒಂದು ತಪ್ಪಿಗೆ ಆ ಪ್ರಶ್ನೆಯ ಮೂರನೇ ಒಂದು ಪಾಲು ಅಂಕ ಕಳೆಯುತ್ತಾರೆ. ಉಲ್ಟಾ ಮಾಡಿ ನೋಡಿದ ಮೇಲೂ ಎರಡು ಆಯ್ಕೆ ಉಳಿದರೆ ಒಂದಕ್ಕೆ ಗುರುತು ಹಾಕಬಹುದು, ಲೆಕ್ಕ ನಿಮ್ಮ ಕಡೆಗೇ ಇದೆ. ನಾಲ್ಕೂ ಹಾಗೇ ಉಳಿದಿದ್ದರೆ ಪುಟ ತಿರುಗಿಸಿ.